ಮುರಿದ ಕೈಗಳಿಗೆ ನಾನಿಟ್ಟ ಹೆಸರು

ಎಸ್ಸೆಸ್ಸೆಲ್ಸಿ ಮುಗಿಸಿ ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಆದವನು ನಾನು. ಆ ಕೆಲಸದಲ್ಲಿ ಬಾಯಿಂದ ಬರಬಾರದ ಮಾತು ಒಂದೇ: ಗೊತ್ತಿಲ್ಲ. ಹಾಗಂದರೆ ಜನ ಪಕ್ಕದ ಗೈಡ್ ಹಿಂದೆ ಹೋಗುತ್ತಾರೆ. ಅದಕ್ಕೇ ತಿಳಿಯದ ವಿಗ್ರಹಕ್ಕೂ ಒಂದು ಹೆಸರು, ಒಂದು ಕಥೆ ಹೇಳಿಬಿಡುತ್ತಿದ್ದೆ.

ನನ್ನ ತಂಗಿಯ ಮಗಳು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತ ಪಿಎಚ್‌ಡಿಗೆ ಓದುತ್ತಿದ್ದಳು. ಗೋಡೆಯ ಮೇಲಿನ ವಿಗ್ರಹವನ್ನು ನೋಡಿ ತಾನೇ ಗುರುತು ಹಿಡಿಯುವ ರೋಬೋಟ್ ಅವಳ ವಿಷಯ. ಅನುಮತಿ ಪಡೆದು, ನಾಲ್ಕು ಚಕ್ರದ ಮೇಲೆ ಕ್ಯಾಮೆರಾ ಕೂರಿಸಿ ದೇವಸ್ಥಾನದ ಸುತ್ತ ಓಡಿಸುತ್ತಿದ್ದಳು. "ಏನ್ಲಾ, ನಿನ್ ಕೆಲ್ಸಕ್ಕೆ ನಿನ್ ತಂಗಿ ಮಗಳೇ ಇನ್ನೊಬ್ಬನ್ನ ತಂದವ್ಳೆ" ಎಂದು ಜೊತೆಯ ಗೈಡ್ ರೇಗಿಸಿದ.

ಯಂತ್ರ ಕಲಿಯಬೇಕಾದರೆ ಮೊದಲು ಯಾರಾದರೂ ಒಂದೊಂದು ಫೋಟೋಗೂ ಹೆಸರು ಹೇಳಿಕೊಡಬೇಕು. ಚಿಕ್ಕಂದಿನಿಂದ ನನ್ನ ಬಾಯಲ್ಲೇ ಕಥೆ ಕೇಳಿದವಳು, ಆ ಕೆಲಸ ನನಗೇ ಕೊಟ್ಟಳು. ವಿಷ್ಣುವಿನ ಮೂರ್ತಿಗಳಲ್ಲಿ ಯಾವುದು ಕೇಶವ, ಯಾವುದು ಮಾಧವ ಎಂದು ತಿಳಿಯುವುದು ಶಂಖ, ಚಕ್ರ, ಗದೆ, ಪದ್ಮ ಯಾವ ಯಾವ ಕೈಯಲ್ಲಿವೆ ಎಂಬುದರಿಂದ. ಎಷ್ಟೋ ಮೂರ್ತಿಗಳಿಗೆ ಕೈಯೇ ಇಲ್ಲ. ಅಂಥವಕ್ಕೆಂದು ಅವಳು ಲ್ಯಾಪ್‌ಟಾಪಿನ ಪರದೆಯಲ್ಲಿ 'ಗೊತ್ತಿಲ್ಲ' ಎಂಬ ಬಟನ್ ಇಟ್ಟಿದ್ದಳು. ನಾನು ಅದನ್ನು ಒಮ್ಮೆಯೂ ಒತ್ತಲಿಲ್ಲ. ಎತ್ತಿ ಆಡಿಸಿದ ಹುಡುಗಿಯ ಮುಂದೆ ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು.

ಅವಳ ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆಗೆ ಪರೀಕ್ಷಕರಾಗಿ ಬಂದವರಲ್ಲಿ ಒಬ್ಬರು ಶಿಲ್ಪಶಾಸ್ತ್ರ ಬಲ್ಲವರು. ಕೈಯಿಲ್ಲದ ವಿಗ್ರಹವನ್ನು ನಿಮ್ಮ ಯಂತ್ರ ಮಾಧವ ಎನ್ನುವುದು ಯಾವ ಆಧಾರದ ಮೇಲೆ ಎಂದು ಕೇಳಿದರಂತೆ. ಅವಳು ನನ್ನ ಮಾತೆತ್ತದೆ ತಪ್ಪು ತನ್ನದೆಂದಳಂತೆ. ಪ್ರಬಂಧ ತಿರಸ್ಕಾರವಾಯಿತು. ಪಿಎಚ್‌ಡಿ ಪಡೆಯಲು ಕಾಲೇಜಿನವರು ಕೊಟ್ಟಿದ್ದ ಗಡುವು ಮುಗಿದು ಕೆಲಸವೂ ಹೋಯಿತು.

ತಂಗಿ ಫೋನಿನಲ್ಲಿ ಇದನ್ನು ಹೇಳಿದ ದಿನವೇ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಅರಸೀಕೆರೆಯ ಅವರ ಮನೆಗೆ ಹೋದೆ. ರೋಬೋಟ್ ಚಪ್ಪಲಿ ಗೂಡಿನ ಪಕ್ಕ ಚಕ್ರ ಮೇಲಾಗಿ ಬಿದ್ದಿತ್ತು. ಅವಳು ಕಾಫಿ ತಂದಿಟ್ಟು ಎದುರಿಗೆ ಕೂತಳು.

"ನಾನು ಊಹೆ ಮೇಲೆ ಒತ್ತಿದ್ದು ಕಣವ್ವ."

"ಗೊತ್ತು ಮಾವ. ಆ ಬಟನ್ ನಿಮಗೋಸ್ಕರಾನೇ ಇಟ್ಟಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಫಿ ಆರಿಹೋಯಿತು. ಮತ್ತೆ ಅವಳು ಹಳೇಬೀಡಿನ ಕಡೆ ಬಂದಿಲ್ಲ.

ಆ ಫೋಟೋಗಳನ್ನು ಹೆಸರುಗಳ ಸಮೇತ ಅವಳು ಮೊದಲೇ ಇಂಟರ್ನೆಟ್ಟಿಗೆ ಹಾಕಿದ್ದಳು. ಅವರ ವಿದ್ಯೆಯಲ್ಲಿ ಅದು ರೂಢಿಯಂತೆ. ಆಮೇಲೆ ಅಳಿಸಿದರೂ ಅಷ್ಟರಲ್ಲಿ ಯಾರ್ಯಾರೋ ತೆಗೆದುಕೊಂಡು ತಮ್ಮ ಯಂತ್ರಗಳಿಗೂ ಕಲಿಸಿಯಾಗಿತ್ತು. ಮೊನ್ನೆ ನನ್ನ ಜೊತೆ ಬಂದ ಪ್ರವಾಸಿಯೊಬ್ಬರು ಕೈಮುರಿದ ವಿಗ್ರಹಕ್ಕೆ ಮೊಬೈಲ್ ಹಿಡಿದರು. ಮಾಧವ ಎಂದು ಬಂತು. ಸರಿಯೇ ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ.

ಅವರು ನನ್ನನ್ನು ಒಮ್ಮೆ ನೋಡಿ, ಮೊಬೈಲ್ ಹಿಡಿದುಕೊಂಡೇ ಮುಂದಿನ ವಿಗ್ರಹಕ್ಕೆ ಹೋದರು.