ಪಂಕ್ಚರಿನವನ ಸ್ಯಾಕ್ಸೊಫೋನ್

ಮೂವತ್ತು ವರ್ಷ ಟ್ಯೂಬುಗಳನ್ನು ನೀರಿಗದ್ದಿ ಗುಳ್ಳೆ ಹುಡುಕಿದ ಪಂಕ್ಚರಿನವನಿಗೆ ಮನುಷ್ಯರ ಮೇಲೆ ಗೌರವ ಉಳಿದಿರಲಿಲ್ಲ. ಇದ್ದ ಗಾಳಿಯನ್ನೂ ಹಿಡಿದಿಟ್ಟುಕೊಳ್ಳಲಾರದ ಜನ ಎನ್ನುತ್ತಿದ್ದ. ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ಯಾಕ್ಸೊಫೋನ್ ಕಲಿಸುತ್ತಿದ್ದ ಮೇಷ್ಟ್ರೊಬ್ಬರನ್ನು ಮಾತ್ರ ಈ ಬೈಗುಳದಿಂದ ಬಿಟ್ಟಿದ್ದ. ಅವರ ಒಂದೊಂದು ಸ್ವರವೂ ಚೂರೂ ಸೋರದೆ ಮೆಟ್ಟಿಲಿಳಿದು ಬರುತ್ತಿತ್ತು. ಅದು ಕಿವಿಗೆ ಬಿದ್ದಾಗ ಅವನ ಕೈಯಲ್ಲಿದ್ದ, ಟ್ಯೂಬು ಉಜ್ಜುವ ಅರ ಸುಮ್ಮನೆ ನಿಂತುಬಿಡುತ್ತಿತ್ತು.

ಕೊನೆಗೊಂದು ದಿನ ಮೇಲೆ ಹತ್ತಿ ಹೋಗಿ, ಕಲಿಸುತ್ತೀರಾ ಎಂದು ಕೇಳಿಯೇಬಿಟ್ಟ.

"ಈ ವಯಸ್ಸಲ್ಲಾ?" ಮೇಷ್ಟ್ರು ಮೂಗು ಮುರಿದರು. "ನಿಮ್ಮದೇ ವಾದ್ಯ ತಗೊಂಡು ಸೋಮವಾರ ಬನ್ನಿ. ಒಂದೇ ಒಂದು ಸ್ವರ, ನಾನು ಹತ್ತು ಎಣಿಸೋ ತನಕ ನಿಲ್ಲಿಸಿ. ಆಗದಿದ್ರೆ ಮತ್ತೆ ಈ ಮೆಟ್ಟಿಲು ಹತ್ತಬೇಡಿ."

ವಾದ್ಯದಂಗಡಿಗೆ ಹೆಂಡತಿಯ ತಮ್ಮ ಜೊತೆಗೂಡಿದ. ಶಾಲೆಯ ಬ್ಯಾಂಡಿನಲ್ಲಿ ಒಂದು ವರ್ಷ ತಾಳ ಕುಟ್ಟಿದವನು. ಅಷ್ಟಕ್ಕೇ ಸಂಗೀತವೆಲ್ಲ ತನ್ನ ಜೇಬಿನಲ್ಲಿದೆಯೆಂಬ ಗತ್ತು.

"ಭಾವ, ಇದು ನೋಡಿ! ಕನ್ನಡಿ ಥರ ಹೊಳೀತಿದೆ."

"ಗಡ್ಡ ಕೆರ್ಕೊಳ್ಳೋಕೆ ಬಂದಿದೀಯೇನೋ?"

ಅಂಗಡಿಯವನು ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ಅಳೆದು, "ಹೊಸಬರಿಗೆ ಇದೇ ಸಾಕು. ಒಮ್ಮೆ ಒಯ್ದರೆ ವಾಪಸ್ ಇಲ್ಲ" ಎಂದ.

ಪಂಕ್ಚರಿನವನು ಚೀಲದಿಂದ ಮಕ್ಕಳ ಸೈಕಲ್ಲಿನ ಟ್ಯೂಬನ್ನೂ ಕೈಪಂಪನ್ನೂ ತೆಗೆದ. ಟ್ಯೂಬನ್ನು ಮಡಚಿ ವಾದ್ಯದ ಅಗಲ ಬಾಯಿಗೆ ತುರುಕಿ, ಬಿಗಿಯಾಗಿ ಕೂರುವಷ್ಟು ಗಾಳಿ ಹೊಡೆದ.

"ಅಯ್ಯೋ ಸ್ವಾಮಿ, ಇದು ಚಕ್ರ ಅಲ್ಲ!"

"ಗೊತ್ತು. ಚಕ್ರಕ್ಕಾದ್ರೆ ಕೆಲಸ ಇರುತ್ತೆ. ನೀವು ಗುಂಡಿಗಳನ್ನೆಲ್ಲ ಒತ್ತಿ ಹಿಡೀರಿ. ನೀನು ಊದೋ, ಬಡಾಯಿ ಕೊಚ್ಚೋಕೆ ಅಷ್ಟು ಗಾಳಿ ಇದೆಯಲ್ಲ."

ಮೈದುನ ಊದಿದ. ಇವನು ಒದ್ದೆ ಮಾಡಿಕೊಂಡ ಕೆನ್ನೆಯನ್ನು ತೂತುಗಳ ಒಂದೊಂದು ಮುಚ್ಚಳದ ಬಳಿಗೂ ಒಯ್ದ. ಹೊಳೆಯುವ ವಾದ್ಯದಲ್ಲಿ ನಾಲ್ಕು ಕಡೆ ತಣ್ಣನೆಯ ಉಸಿರು ತಾಕಿತು. ಮೂಲೆಯಲ್ಲಿ ಬಣ್ಣ ಸುಲಿದು ಬಿದ್ದಿದ್ದ ಹಳೆಯದೊಂದರಲ್ಲಿ ಎಲ್ಲೂ ತಾಕಲಿಲ್ಲ. ಮೈದುನನ ಕಣ್ಣುಗುಡ್ಡೆಗಳಷ್ಟೇ ಹೊರಬಂದವು.

"ಈ ಮುದುಕಪ್ಪನ್ನ ಕಟ್ಟಿಕೊಡಿ," ಎಂದ ಪಂಕ್ಚರಿನವನು. "ಆ ಕನ್ನಡೀಲಿ ನೀವೇ ಮುಖ ನೋಡ್ಕೊಳ್ಳಿ."

ಸೋಮವಾರ ಮೇಷ್ಟ್ರ ಮುಂದೆ ಊದಿದ. ಎಮ್ಮೆ ಕೆಮ್ಮಿದಂತಾಗಿ, ಅವರು "ಎರಡು" ಎನ್ನುವಷ್ಟರಲ್ಲಿ ಸ್ವರ ಸತ್ತಿತು.

"ವಾದ್ಯ ಸೋರ್ತಿದೆ."

"ಸಾಧ್ಯವೇ ಇಲ್ಲ ಸಾರ್. ನಾನೇ ನೋಡಿ ತಂದಿದ್ದು."

"ಹಾಗಾದ್ರೆ ಗಾಳಿ ಎಲ್ಲಿಗೆ ಹೋಯ್ತು?"

ಅವನು ಬೆರಳು ಒದ್ದೆ ಮಾಡಿಕೊಂಡು, ಊದುತ್ತಲೇ ಹುಡುಕಿದ. ತನ್ನದೇ ತುಟಿಯ ಎಡಮೂಲೆಯಲ್ಲಿ ಬೆರಳು ತಣ್ಣಗಾಯಿತು. ಗಾಳಿ ಹಿಡಿಯಲು ಬಾರದವರೆಂದು ಮೂವತ್ತು ವರ್ಷ ಊರನ್ನೆಲ್ಲ ಜರೆದ ಬಾಯಿ ಅದೇ.

"ಥೂ, ದರಿದ್ರದ್ದೇ," ಎಂದು ಅದಕ್ಕೂ ಉಗಿದ. ಆಮೇಲೆ ತೇಪೆ ಹಾಕಿದಂತೆ ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಮತ್ತೆ ಊದಿದ.

ಮೇಷ್ಟ್ರು ಎಣಿಸಿದರು. ಎಂಟರಿಂದಾಚೆ, ಹಿಂಸೆ ಕೊಡಲೆಂದೇ, ಎಣಿಕೆ ನಿಧಾನವಾಯಿತು. ಅವನ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಸ್ವರ ಮಾತ್ರ ಅಲುಗಲಿಲ್ಲ.

"ಹತ್ತು," ಎಂದರು ಮೇಷ್ಟ್ರು, ಅವನತ್ತ ನೋಡದೆ. "ನಾಳೆ ಆ ಹೆಬ್ಬೆರಳನ್ನ ಕೆಳಗೆ ಅಂಗಡೀಲೇ ಬಿಟ್ಟು ಬನ್ನಿ."