ಹುಳದ ಮನೆಯ ಮೂರು ದಿನ

ಒದ್ದೆ ಗೋಣಿತಾಟಿನ ಕೆಳಗೆ ಮುಚ್ಚಿಟ್ಟ ಹಿಪ್ಪುನೇರಳೆ ಸೊಪ್ಪಿಗೆ ಒಂದು ವಾಸನೆಯಿದೆ. ಹಸಿರು, ತಂಪು, ಸ್ವಲ್ಪ ಸಿಹಿ. ಅದಕ್ಕೆ ರೇಷ್ಮೆಹುಳದ ಹಿಕ್ಕೆಯ ಕಮಟು, ಗೋಡೆಯ ಸುಣ್ಣದ ಘಾಟು ಸೇರಿದರೆ ಅದೇ ನಮ್ಮ ಅಜ್ಜಿಯ ಮನೆ. ಹೋದ ವಾರ ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಸೊಪ್ಪಿನ ಹೊರೆ ಇಳಿಸಿ ನನ್ನ ಪಕ್ಕದಲ್ಲೇ ಕೂತಳು. ಬಂದ ಬಸ್ಸನ್ನು ಬಿಟ್ಟು ನಾನೂ ಅಲ್ಲೇ ಕೂತೆ. ಆ ಮನೆ ಈಗಿಲ್ಲ. ಕಳಲೆಯ ಹತ್ತಿರದ ನಮ್ಮೂರಿನಲ್ಲಿ ಅದು ನಿಂತಿದ್ದ ಜಾಗದಲ್ಲಿ ಚಿಕ್ಕಪ್ಪನ ತಾರಸಿ ಮನೆ ಎದ್ದಿದೆ. ಸೊಪ್ಪಿನ ತೋಟ ಬಾಳೆತೋಟವಾಗಿದೆ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು, ನೆನೆದು ಅಯ್ಯೋ ಅನ್ನುತ್ತೀರಿ. ನಾನೂ ಅನ್ನುತ್ತೇನೆ. ಆದರೆ ಆ ಮನೆಯ ಒಂದು ಬಾಗಿಲು ಹೋದದ್ದಕ್ಕೆ ಮಾತ್ರ ನನಗೆ ಒಂದು ಚೂರೂ ಬೇಸರವಿಲ್ಲ.

ಅದು ಹುಳ ಸಾಕುವ ಕೋಣೆಯ ಬಾಗಿಲು. ಹುಳದ ಮನೆ ಎನ್ನುತ್ತಿದ್ದೆವು. ಪರವೂರಿನವರು ಅದನ್ನು ದಾಟುವಂತಿರಲಿಲ್ಲ, ಈರುಳ್ಳಿ ಹೆಚ್ಚಿದ ಕೈಯಲ್ಲಿ ಹೋಗುವಂತಿರಲಿಲ್ಲ, ಮುಟ್ಟಾದ ಹೆಣ್ಣುಮಕ್ಕಳಂತೂ ಮೂರು ದಿನ ಅತ್ತ ತಲೆ ಹಾಕುವಂತಿರಲಿಲ್ಲ. ಹಾಕಿದರೆ ಹುಳ ಸಾಯುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಒಳಗೆ ಬಿದಿರಿನ ತಟ್ಟೆಗಳಲ್ಲಿ ಸಾವಿರಾರು ಹುಳಗಳು ಸರಸರ ಸೊಪ್ಪು ಮೇಯುತ್ತಿದ್ದವು. ಬಾಗಿಲಲ್ಲಿ ಕಾಲು ಚಾಚಿ ಕೂತ ಅಜ್ಜಿ ಆ ಸದ್ದು ಕೇಳಿಯೇ ಹೊಟ್ಟೆ ತುಂಬಿತೋ ಇಲ್ಲವೋ ಹೇಳಿಬಿಡುತ್ತಿದ್ದಳು. ಗೂಡು ಕಟ್ಟುವ ಮುಂಚೆ ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಅಜ್ಜಿಗೆ ಬೇರೆ ಕ್ಯಾಲೆಂಡರ್ ಬೇಕಿರಲಿಲ್ಲ. ಹಬ್ಬ ಯಾವಾಗಜ್ಜಿ ಅಂದರೆ, "ಮೂರ್ನೇ ಜ್ವರ ಎದ್ದ ನಾಳಿದ್ದು ಕಣ್ ಕೂಸೆ" ಅನ್ನುತ್ತಿದ್ದಳು.

ಪಕ್ಕದ ಮನೆಯ ಸವಿತ ನನ್ನ ಜೀವದ ಗೆಳತಿ. ಇಬ್ಬರೂ ನಂಜನಗೂಡಿನಲ್ಲಿ ಎರಡನೇ ಪಿಯುಸಿ. ಕಾಲೇಜು ಮುಗಿಸಿ ಬಂದವಳು ಸಂಜೆ ನಮ್ಮಲ್ಲಿ ಹುಳಕ್ಕೆ ಸೊಪ್ಪು ಹಾಕಲು ಬರುತ್ತಿದ್ದಳು. ಅದೇ ವರ್ಷ ಅವಳು ಊರಾಚೆಯ ದಲಿತರ ಕಾಲೊನಿಯ ಸಿದ್ದರಾಜುವನ್ನು ಮೆಚ್ಚಿದಳು. ಅವನು ಐಟಿಐ ಓದುತ್ತಿದ್ದ, ಮಾತು ಕಡಿಮೆ, ನಕ್ಕರೆ ಮಾತ್ರ ಊರಗಲ. ನಮ್ಮ ಬೀದಿಯ ಗೌಡರ ಹುಡುಗಿ ಕಾಲೊನಿಯ ಹುಡುಗನ ಜೊತೆ ನಿಂತು ಮಾತಾಡಿದರೂ ಸಾಕು, ಅವತ್ತಿಗೇ ಕಾಲೇಜು ಬಂದ್. ಅದಕ್ಕೆ ನಾವು ಒಂದು ದಾರಿ ಕಂಡುಕೊಂಡೆವು. ಸವಿತ ಹೊರಗಾಗಿದ್ದಾಳೆ, ಬರಲ್ಲ ಎಂದು ನಾನು ಅಜ್ಜಿಗೆ ಹೇಳುವುದು. ಅಜ್ಜಿಯ ಮನೆಯಲ್ಲಿ ಹುಳದ ಕೆಲಸ ಇದೆ, ತಡವಾಗುತ್ತದೆ ಎಂದು ಅವಳು ತನ್ನ ಅಮ್ಮ ತಾಯಮ್ಮನಿಗೆ ಹೇಳುವುದು. ಎರಡು ಮನೆಗಳ ನಡುವೆ ಅವಳಿಗೆ ಮೂರು ಸಂಜೆ ಸಿಗುತ್ತಿದ್ದವು. ನಂಜನಗೂಡಿನಲ್ಲಿ ಕಪಿಲೆ ಹೊಳೆಯ ಮೆಟ್ಟಿಲ ಮೇಲೆ ಇಬ್ಬರೂ ಮೂರು ಮೊಳ ದೂರ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಅವರ ಪ್ರೀತಿ ಅಷ್ಟೇ ಕಣ್ರೀ. ಬೇಲಿ ಹಾಕಿದವರ ಬೇಲಿಯನ್ನೇ ಮರೆ ಮಾಡಿಕೊಂಡೆವು. ನನಗೆ ಇವತ್ತಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ತಪ್ಪು ಮಾಡಿದ್ದು ಲೆಕ್ಕದಲ್ಲಿ. ಒಂದು ಬೆಳೆಯಲ್ಲಿ ಎರಡನೇ ಜ್ವರ ಎದ್ದಾಗ ಸವಿತ ಹೊರಗೆ ಎಂದಿದ್ದೆ. ನಾಲ್ಕನೇ ಜ್ವರ ಎದ್ದಾಗ ಅವಳು ಗೋಗರೆದಳೆಂದು ಮತ್ತೆ ಹಾಗೇ ಹೇಳಿಬಿಟ್ಟೆ. ನಡುವೆ ಹನ್ನೆರಡು ದಿನವೂ ಆಗಿರಲಿಲ್ಲ. ಅಜ್ಜಿಗೆ ಅನುಮಾನ ಬರಲಿಲ್ಲ, ಕನಿಕರ ಬಂತು. ನೆಟ್ಟಗೆ ಪಕ್ಕದ ಮನೆಗೆ ಹೋದಳು.

"ತಾಯಮ್ಮ, ಕೂಸ್ನ ನಂಜನಗೂಡಿಗೆ ಕರ್ಕೊಂಡೋಗಿ ಲೇಡಿ ಡಾಕ್ಟ್ರಿಗೆ ತೋರ್ಸು ಕಣವ್ವ. ಒಂದೇ ಬೆಳೇಲಿ ಎರಡ್ ಸಲ ಒರಗಾಗವ್ಳೆ. ಮೈಯಲ್ಲಿ ರಕ್ತವೇ ಇಲ್ದಂಗಾಯ್ತದೆ."

"ಒರಗಾ? ಬೆಳಿಗ್ಗೆ ದೇವ್ರಿಗೆ ದೀಪ ಅಚ್ಚಿದ್ದೇ ಅವ್ಳು ಕಣತ್ತೆ!" ಅಂದಳು ತಾಯಮ್ಮ.

ಮುಗಿಯಿತು. ಅವತ್ತು ಸಂಜೆ ಸವಿತ ಬಸ್ ಇಳಿಯುವಷ್ಟರಲ್ಲಿ, ಹೊಳೆಯ ಹತ್ತಿರ ಇಬ್ಬರನ್ನೂ ಕಂಡಿದ್ದವರು ಬಾಯಿಬಿಟ್ಟು, ಎಲ್ಲ ಹೊರಬಿದ್ದಿತ್ತು. ತಾಯಮ್ಮ ಮಗಳ ಪುಸ್ತಕಗಳನ್ನು ನೀರೊಲೆಗೆ ಹಾಕಿದಳು. ತನ್ನ ತಮ್ಮನಿಗೇ, ಸವಿತಳ ಸೋದರಮಾವನಿಗೇ, ತಿಂಗಳೊಳಗೆ ಮದುವೆ ಎಂದು ಗೊತ್ತು ಮಾಡಿದಳು. ಸಿದ್ದರಾಜುವಿನ ಮನೆಗೆ ಹತ್ತು ಜನ ಹೋಗಿ ಹೆದರಿಸಿ ಬಂದರು. ಅವನಪ್ಪ ಅವನನ್ನು ನರಸೀಪುರದ ಅಕ್ಕನ ಮನೆಗೆ ಕಳಿಸಿದ. ಇಷ್ಟು ಸಾಲದೆಂಬಂತೆ ಅದೇ ವಾರ ನಮ್ಮ ಹುಳಕ್ಕೆ ಹಾಲುರೋಗ ಬಂತು. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳಗಳು ಊದಿಕೊಂಡು, ಮುಟ್ಟಿದರೆ ಬಿಳಿನೀರು ಸೋರಿ ಸತ್ತವು. ತಟ್ಟೆ ತಟ್ಟೆಯನ್ನೇ ತಿಪ್ಪೆಗೆ ಸುರಿದೆವು.

ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. ಯಜಮಾನರೊಬ್ಬರು ಮಹಾ ಬುದ್ಧಿವಂತರಂತೆ ಕೇಳಿದರು: "ಸುಳ್ಳೇಳಿ ಒರಗಿದ್ದೋಳು ನಿಜವಾಗಿ ಮುಟ್ಟಾದಾಗ ಎಲ್ಲಿದ್ಲು? ಒಳಗೇ ತಾನೇ?" ಎಲ್ಲರೂ ಹೌದು ಹೌದೆಂದರು. ಹುಡುಗಿ ಊರೆದುರು ಹುಳದ ಮನೆಯ ಹೊಸಲಿಗೆ ಅಡ್ಡಬಿದ್ದು ತಪ್ಪಾಯಿತು ಅನ್ನಬೇಕು, ಆಮೇಲೆ ಮಾವನ ಕೈಲಿ ತಾಳಿ ಕಟ್ಟಿಸಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಎಲ್ಲರಿಗಿಂತ ಮೊದಲು ಆಗಲಿ ಅಂದವಳು ತಾಯಮ್ಮ. ಹಾಲುರೋಗ ಅಂಟುರೋಗ, ಯಾರ ಮೈಲಿಗೆಯಿಂದಲೂ ಬರುವುದಲ್ಲ ಎಂದು ಸೈನ್ಸ್ ಓದುತ್ತಿದ್ದ ನನಗೆ ಗೊತ್ತಿತ್ತು. ಸುಳ್ಳು ಹೇಳಿದವಳೂ ನಾನೇ. ಆದರೂ ಬಾಯಿ ಬರಲಿಲ್ಲ. ನಾಚಿಕೆಯಾಗಬೇಕು ನನಗೆ, ಆಗುತ್ತದೆ ಕೂಡ.

ಆಗ ಹೆಂಗಸರ ಗುಂಪಿನಿಂದ ಅಜ್ಜಿ ಎದ್ದಳು. ಗಂಡಸರ ನ್ಯಾಯದಲ್ಲಿ ಅವಳು ಅಲ್ಲಿಯವರೆಗೆ ಒಂದು ಸಲವೂ ಮಾತಾಡಿದ್ದವಳಲ್ಲ.

"ನಾನ್ ಈ ಊರಿಗೆ ಬಂದಾಗ ನಂಗೆ ಅತ್ತೆ ಇರ್ಲಿಲ್ಲ, ನಾದ್ನೀರಿರ್ಲಿಲ್ಲ. ನನ್ ಗಂಡ ತಟ್ಟೆ ಮುಟ್ಟೋನಲ್ಲ. ತಿಂಗ್ಳಲ್ಲಿ ಮೂರ್ ದಿನ ನಾನ್ ಒರಗೆ ಕುಂತಿದ್ರೆ ಉಳುಕ್ಕೆ ಸೊಪ್ಪಾಕೋರು ಯಾರು, ನಿಮ್ಮಪ್ಪನಾ? ಮುಟ್ಟು ನಿಲ್ಲೋಗಂಟ ಪ್ರತಿ ತಿಂಗ್ಳೂವೆ ಒಳಕ್ಕೋಗಿವ್ನಿ. ಉಳ ಸಾಯ್ಲಿಲ್ಲ, ಕಲ್ಲಂಥ ಗೂಡು ಕಟ್ತು. ಆ ಕೂಸು ಒಸ್ಲಿಗೆ ಬೀಳ್ಬೇಕಾದ್ರೆ ಮೊದ್ಲು ನಾನ್ ಬೀಳ್ಬೇಕು. ನಾನ್ ಬೀಳಾಕಿಲ್ಲ."

ಅಜ್ಜಿ ಸವಿತಳ ರಟ್ಟೆ ಹಿಡಿದು ಎಲ್ಲರ ನಡುವೆಯೇ ನಡೆಸಿಕೊಂಡು ಬಂದಳು. ಖಾಲಿಯಾಗಿದ್ದ ಹುಳದ ಮನೆಯಲ್ಲೇ ಅವಳಿಗೆ ಹಾಸಿಗೆ ಹಾಸಿದಳು. "ನನ್ ಬಾಯಿಂದ ಕೆಟ್ಟಿದ್ದು, ನಾನೇ ನೆಟ್ಟಗೆ ಮಾಡ್ಬೇಕು. ಓದ್ಕೊ" ಅಂದಳು. ಇಂಥ ಹುಡುಗಿ ಬೇಡವೆಂದು ಮಾವನೇ ಹಿಂದೆ ಸರಿದ, ಬದುಕಿದೆವು! ನನ್ನ ಪುಸ್ತಕಗಳಲ್ಲೇ ಇಬ್ಬರೂ ಓದಿ ಪರೀಕ್ಷೆ ಬರೆದೆವು. ಸವಿತ ನರ್ಸಿಂಗ್ ಮುಗಿಸಿದಳು, ಕೆಲಸ ಹಿಡಿದಳು, ಆಮೇಲೆ ನರಸೀಪುರದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿದ್ದರಾಜುವನ್ನೇ ಮದುವೆಯಾದಳು. ಸಾಕ್ಷಿಗೆ ಸಹಿ ಹಾಕಿದ್ದು ನಾನು. ಅಜ್ಜಿ ಎರಡು ಬಸ್ ಬದಲಿಸಿ ಮಲ್ಲಿಗೆ ಹೂ ತಂದಿದ್ದಳು. ತಾಯಮ್ಮ ಬರಲಿಲ್ಲ, ನನ್ನ ಪಾಲಿಗೆ ಮಗಳು ಸತ್ತಳು ಅಂದಳಂತೆ.

ಅಜ್ಜಿ ತೆತ್ತದ್ದು ಕಡಿಮೆಯಲ್ಲ. ಹುಳ ಹಣ್ಣಾಗಿದೆಯೇ ನೋಡು ಬಾರವ್ವ ಎಂದು ಮನೆಮನೆಯಿಂದ ಕರೆಯುತ್ತಿದ್ದವರು ಅವಳನ್ನು ಕರೆಯುವುದು ಬಿಟ್ಟರು. ಮಾನ ಹೋಯಿತೆಂದು ಚಿಕ್ಕಪ್ಪ ಹುಳ ಸಾಕುವುದನ್ನೇ ನಿಲ್ಲಿಸಿ ತಟ್ಟೆಗಳನ್ನು ಮಾರಿದ. ಅಜ್ಜಿ ಜಗಲಿಯ ಮೇಲೆ ಬರಿಗೈಯಲ್ಲಿ ಕೂತಿರುತ್ತಿದ್ದಳು. ಆ ಕೈ ಸುಮ್ಮನಿದ್ದದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಬೇಜಾರಾ ಅಜ್ಜಿ ಅಂದರೆ, "ಊರ್ ಬಾಯಿಗೆ ಎದ್ರುಕೊಂಡು ಅಷ್ಟ್ ವರ್ಸ ಮುಚ್ಕೊಂಡಿದ್ನಲ್ಲ, ಅದ್ಕೆ ಬೇಜಾರು" ಅಂದಳು.

ಅವಳು ತೀರಿಕೊಂಡ ದಿನ ಊರಿನ ಹೆಂಗಸರೆಲ್ಲ ಬಂದರು. ತಲೆಯ ಹತ್ತಿರ ಕೂತಿದ್ದ ನನ್ನ ಕಿವಿಯಲ್ಲಿ ಒಬ್ಬ ಮುದುಕಿ ಪಿಸುಗುಟ್ಟಿದಳು: "ನಾನೂ ಓಗ್ತಿದ್ದೆ ಕಣವ್ವ." ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಇನ್ನೊಬ್ಬಳು ಬಂದಳು, ಅವಳೂ ಅದೇ ಮಾತು. ಆಮೇಲೆ ತಾಯಮ್ಮ ಬಂದು ಅಜ್ಜಿಯ ಪಾದ ಹಿಡಿದು, ನನ್ನತ್ತ ಬಗ್ಗಿ, "ನಾನೂವೆ ಓಗ್ತಿದ್ದೆ" ಅಂದಳು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಉಕ್ಕಿತು.

"ಅವತ್ತು ಹೇಳ್ಬೇಕಿತ್ತು ಅತ್ತೆ. ಈಗ ನನ್ನ ಕಿವೀಲಿ ಯಾಕ್ ಹೇಳ್ತೀಯ? ಆ ಗಂಡಸರು ಕೇಳೋ ಹಾಗೆ ಹೇಳು."

ತಾಯಮ್ಮ ತಲೆಯೆತ್ತಿದಳು. ಸವಿತ ಅದೇ ತಾನೇ ಬಂದು ಬಾಗಿಲಲ್ಲಿ ನಿಂತಿದ್ದಳು. ತಾಯಿ ಮಗಳನ್ನೇ ನೋಡುತ್ತ ಎದ್ದು ನಿಂತು ಗಟ್ಟಿಯಾಗಿ ಹೇಳಿದಳು: "ಒರಗಾದಾಗೆಲ್ಲ ನಾನೂ ಉಳುದ್ ಮನೆ ಒಳಕ್ಕೋಗಿವ್ನಿ. ಗೊತ್ತಿದ್ದೂ ಗೊತ್ತಿದ್ದೂ ನನ್ ಮಗಳ ಮೇಲೆ ತಪ್ಪು ಒರ್ಸಿದೆ." ಜಗಲಿಯ ಮೇಲಿದ್ದ ಗಂಡಸರು ತಿರುಗಿ ನೋಡಿದರು. ಸವಿತ ಒಳಗೆ ಬಂದು ಅಮ್ಮನ ಪಕ್ಕ ಕೂತಳು. ಬೀದಿಯವರೆಗೂ ಎಲ್ಲರಿಗೂ ಕೇಳಿಸಿತ್ತು, ಕೇಳಬೇಕಾಗಿದ್ದ ಅಜ್ಜಿಯೊಬ್ಬಳಿಗೆ ಕೇಳಿಸಲಿಲ್ಲ.