ನೂರ ಮೂವತ್ತೇಳು ಮತ್ತು ಒಂದು ಖಾಲಿ ಡಬ್ಬಿ

ಹೋದ ರವಿವಾರ ಡೊಂಬಿವಲಿಯ ನಮ್ಮ ಅಡುಗೆಮನೆಯ ಮೇಲಿನ ಕಪಾಟು ಒರೆಸುತ್ತಿದ್ದೆ. ಹಿಂದುಗಡೆಯಿಂದ ಒಂದು ಚಿಕ್ಕ ಸ್ಟೀಲ್ ಡಬ್ಬಿ ಕೈಗೆ ಸಿಕ್ಕಿತು. ಚಮಚದ ಹಿಡಿಯಿಂದ ಮುಚ್ಚಳ ಎಬ್ಬಿಸಿದೆ. ಒಳಗೆ ಏನೂ ಇರಲಿಲ್ಲ, ಆದರೆ ಮಿಡಿ ಉಪ್ಪಿನಕಾಯಿಯ ವಾಸನೆ ಬಂತು... ಅಮ್ಮ ಅದನ್ನು ಎಷ್ಟು ಸಲ ತೊಳೆದಿದ್ದಳೋ, ವಾಸನೆ ಮಾತ್ರ ಹೋಗಿಲ್ಲ. ನಮ್ಮದು ಮೂಲತಃ ಹುಬ್ಬಳ್ಳಿ ಕಡೆಯ ಮನೆ. ನಮ್ಮಲ್ಲಿ ಮಿಡಿ ಹಾಕುವ ರೂಢಿಯೇ ಇಲ್ಲ. ಅದು ನಮ್ಮ ಸರ್ ಅವರ ಮನೆಯ ವಾಸನೆ.

ಸರ್ ಎಂದರೆ ಬೇಲಾಪುರದಲ್ಲಿ ನನ್ನ ಮೊದಲ ಆಫೀಸಿನ ಹಿರಿಯರು. ಉಡುಪಿ ಕಡೆಯವರು, ಠಾಣೆಯ ವರ್ತಕ ನಗರದಲ್ಲಿ ಮನೆ. ಅಣ್ಣ ತಮ್ಮಂದಿರೆಲ್ಲ ಹೋಟೆಲಿಗೆ ಇಳಿದರೆ ಇವರೊಬ್ಬರು ಕಂಪ್ಯೂಟರಿನ ಬೆನ್ನು ಹತ್ತಿದ್ದರು. ದೇಹ ದೊಡ್ಡದು, ದನಿ ಸಣ್ಣದು. ಬೆಳಿಗ್ಗೆ ಠಾಣೆ ಸ್ಟೇಶನ್ನಿನಲ್ಲಿ ಪನವೇಲ್ ಗಾಡಿ ಹಿಡಿಯುವಾಗ ಇಬ್ಬರೂ ಒಂದೇ ಬೋಗಿಗೆ ಹತ್ತುತ್ತಿದ್ದೆವು. ಅಮ್ಮ ಈ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿ ತುಂಬಿ ಕಳಿಸಿದರೆ, ಅದೇ ಡಬ್ಬಿ ವಾರದೊಳಗೆ ಮಿಡಿ ಉಪ್ಪಿನಕಾಯಿ ತುಂಬಿಕೊಂಡು ವಾಪಸ್ ಬರುತ್ತಿತ್ತು. ಖಾಲಿ ಡಬ್ಬಿ ಹಿಂದಿರುಗಿಸಬಾರದು ಎಂಬುದು ಎರಡೂ ಮನೆಗಳ ನೇಮ. ಉಪ್ಪಿನಕಾಯಿ ಮುಗಿದಿದ್ದ ದಿನ ಒಂದು ತುಂಡು ಬೆಲ್ಲವಾದರೂ ಒಳಗೆ ಉರುಳಾಡುತ್ತಿರುತ್ತಿತ್ತು.

ನನಗೆ ಆಗ ಮೂಗಿನ ತುದಿಯಲ್ಲೇ ಸಿಟ್ಟು. ಈಗಲೂ ಬಹಳ ಕೆಳಗಿಳಿದಿಲ್ಲ. ಆ ಸಿಟ್ಟಿನಿಂದ ಒಮ್ಮೆ ಒಬ್ಬನ ಕೆಲಸ ಹೋಗುವುದರಲ್ಲಿತ್ತು.

ನಮ್ಮ ಆಫೀಸು ರಕ್ತಪರೀಕ್ಷೆಯ ಲ್ಯಾಬೊಂದರ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿತ್ತು. ಕಲ್ಯಾಣ, ಉಲ್ಹಾಸನಗರದ ಕಡೆಯಿಂದ ಬಂದ ಫೈಲುಗಳನ್ನು ಸೇರಿಸಿ, ಮಧ್ಯಾಹ್ನದೊಳಗೆ ಡಾಕ್ಟರುಗಳಿಗೆ ರಿಪೋರ್ಟು ಕಳಿಸಬೇಕು. ಅದಕ್ಕೊಂದು ಶೆಲ್ ಸ್ಕ್ರಿಪ್ಟ್ ಬರೆದವಳು ನಾನು. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಕೆಲಸಗಳ ಪಟ್ಟಿ, ಒಂದಾದ ಮೇಲೆ ಒಂದು ಮಾಡುತ್ತಾ ಹೋಗುತ್ತದೆ. ಪ್ರತಿ ಕೆಲಸವೂ ಮುಗಿಯುವಾಗ ಒಂದು ಅಂಕಿ ಬಿಟ್ಟುಹೋಗುತ್ತದೆ. ಸೊನ್ನೆ ಎಂದರೆ ಎಲ್ಲ ಸುಸೂತ್ರ. ಬೇರೆ ಅಂಕಿ ಬಂದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ.

ಒಂದು ದಿನ ಅರ್ಧದಷ್ಟು ರಿಪೋರ್ಟುಗಳು ಹೋಗಲೇ ಇಲ್ಲ. ಪರದೆಯ ಮೇಲೆ ಮಾತ್ರ ಎಲ್ಲವೂ ಹಸಿರು, ಅಂದರೆ ಸುಸೂತ್ರ. ನಡೆದದ್ದೆಲ್ಲ ದಾಖಲಾಗುವ ಲಾಗ್ ತೆರೆದು ನೋಡಿದರೆ ನಡುವೆ ಒಂದೇ ಪದ: ಕಿಲ್ಡ್. ನನ್ನ ಕೆಲಸವನ್ನು ಯಾರೋ ನಡುವೆಯೇ ಕೊಂದಿದ್ದರು. ಯಾರು ಎಂದು ನಾನು ಹುಡುಕಲೂ ಇಲ್ಲ. ಪಕ್ಕದ ಮೇಜಿನ ಆಪರೇಟರ್ ಹಿಂದಿನ ವಾರವಷ್ಟೇ, ಸಿಕ್ಕಿಹಾಕಿಕೊಂಡಿದ್ದ ಇನ್ನೊಂದು ಕೆಲಸವನ್ನು ಹಾಗೆ ಕೊಂದಿದ್ದ. ಅಷ್ಟು ಸಾಕಾಯಿತು. ಅವನ ಹೆಸರು ಹಾಕಿ ಮ್ಯಾನೇಜರಿಗೆ ಮೇಲ್ ಬರೆದೆ. ಅವನು ಕಾಂಟ್ರಾಕ್ಟಿನ ಮೇಲಿದ್ದವನು, ಮನೆಯಲ್ಲಿ ಎರಡು ಸಣ್ಣ ಮಕ್ಕಳು. ನಾಳೆಯಿಂದ ಬರಬೇಡ ಎನ್ನಲು ಯಾರಿಗೂ ಎರಡು ನಿಮಿಷ ಬೇಕಿರಲಿಲ್ಲ.

ಸರ್ ನನ್ನ ಮೇಜಿನ ಹತ್ತಿರ ಬಂದರು.

“ಅವನ ಮಾಡ್ಯಾನ್ರಿ ಸರ್. ಮತ್ಯಾರು ಮಾಡ್ತಾರ?” ಎಂದೆ.

“ನೀನು ಕಂಡದ್ದುಂಟಾ?”

“ಇಲ್ರಿ.”

“ಹಾಗಾದ್ರೆ ಪುನಃ ಓಡಿಸು ಮಾರಾಯ್ತಿ. ನಾನು ಇಲ್ಲೇ ಕೂತ್ಕೊಳ್ತೇನೆ.”

ಆಪರೇಟರನನ್ನೂ ಕರೆದು ಎದುರಿಗೆ ಕೂರಿಸಿದರು. ಅವನ ಎರಡೂ ಕೈ ಅರ್ಧ ಗ್ಲಾಸು ಕಟಿಂಗ್ ಚಹಾ ಹಿಡಿದಿದ್ದವು. ಸ್ಕ್ರಿಪ್ಟಿನಲ್ಲಿ ಅರ್ಧಕ್ಕೆ ಸತ್ತಿದ್ದ ಆ ಹೆಜ್ಜೆಯೊಂದನ್ನೇ ನಾನು ಕೈಯಿಂದ ಓಡಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪದ. ಅವನ ಕೈ ಗ್ಲಾಸಿನ ಮೇಲೇ ಇತ್ತು.

ನನಗೆ ಗಾಬರಿಯಾಯಿತು. ಫೈಲು ಇದೆಯೋ ಇಲ್ಲವೋ ಎಂದು ನೋಡಿ, ಆಮೇಲೆ ಆ ಕೆಲಸ ಬಿಟ್ಟುಹೋದ ಅಂಕಿ ಎಷ್ಟು ಎಂದು ಕಂಪ್ಯೂಟರನ್ನು ಕೇಳಿದೆ. ಸೊನ್ನೆ ಬಂತು! ಸರ್ ಹೊಟ್ಟೆ ಕುಲುಕಿಸಿ ನಕ್ಕರು. “ಎಂತ ಮಾರಾಯ್ತಿ, ಅದು ನೀನು ಈಗಷ್ಟೇ ಫೈಲು ನೋಡಿದ್ದಕ್ಕೆ ಬಂದ ಸೊನ್ನೆ. ಕೇಳುವುದಾದ್ರೆ ಕೂಡಲೇ ಕೇಳ್ಬೇಕು. ನಡುವೆ ಬೇರೆ ಕೆಲ್ಸ ಮಾಡಿದ್ರೆ ಉತ್ತರ ಅಳಿಸಿ ಹೋಗ್ತದೆ.”

ಮತ್ತೆ ಓಡಿಸಿ ಕೂಡಲೇ ಕೇಳಿದೆ. ನೂರ ಮೂವತ್ತೇಳು. “ಕೊಂದದ್ದಾದ್ರೆ ಅಂಕಿಗೆ ನೂರ ಇಪ್ಪತ್ತೆಂಟು ಸೇರಿರ್ತದೆ, ಅದನ್ನು ಕಳೆ” ಎಂದರು. ಒಂಬತ್ತು ಉಳಿಯಿತು. ಒಂಬತ್ತು ಎಂದರೆ ಮುನ್ಸೂಚನೆ ಕೊಡದೆ ಕೊಲ್ಲುವ ಅಂಕಿ, ಆದರೆ ಕೊಂದ ಕೈ ಯಾರದೆಂದು ಅದು ಹೇಳುವುದಿಲ್ಲ. ಅದಕ್ಕೆ ಸಿಸ್ಟಮ್ಮಿನ ಸ್ವಂತ ಲಾಗ್ ನೋಡಬೇಕು. ನೋಡಿದೆವು. ಮೆಮೊರಿ ತುಂಬಿಹೋಗಿ, ಸಿಸ್ಟಮ್ಮೇ ಎಲ್ಲಕ್ಕಿಂತ ಹೆಚ್ಚು ಮೆಮೊರಿ ತಿನ್ನುತ್ತಿದ್ದ ಕೆಲಸವನ್ನು ಕೊಂದುಹಾಕಿತ್ತು. ಎಲ್ಲ ಊರುಗಳ ಫೈಲುಗಳನ್ನೂ ಒಂದೇ ಸಲ ಮೆಮೊರಿಗೆ ತುಂಬುವ ಹಾಗೆ ಬರೆದವಳು ನಾನೇ. “ಭಾರ ಹೆಚ್ಚಾಗಿ ಲಿಫ್ಟ್ ಕೂಗಿದ್ರೆ ನನ್ನಂಥವರೇ ಇಳೀಬೇಕಲ್ವಾ, ಹಾಗೆ” ಎಂದು ಸರ್ ತಮ್ಮ ಹೊಟ್ಟೆ ತಟ್ಟಿಕೊಂಡರು. ಇನ್ನು ಪರದೆ ಹಸಿರಾಗಿದ್ದದ್ದು ಏಕೆ? ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿ ‘ಕೆಲಸ ಮುಗಿಯಿತು’ ಎಂದು ಬರೆಸುವ ಚಟ ನನಗಿತ್ತು. ಆ ಸಾಲು ಚೆನ್ನಾಗಿ ಮುಗಿದಿತ್ತು. ಅದರ ಸೊನ್ನೆಯೇ ಇಡೀ ಸ್ಕ್ರಿಪ್ಟಿನ ಉತ್ತರವಾಗಿತ್ತು.

“ಹೆಸರು ಈಮೇಲಲ್ಲಿ ಹಾಕಿದ್ದಲ್ವಾ, ಈಮೇಲಲ್ಲೇ ತೆಗಿ. ಆಮೇಲೆ ಅವನ ಹತ್ರ ಹೋಗು” ಎಂದಷ್ಟೇ ಹೇಳಿ ಸರ್ ಎದ್ದರು. ತಪ್ಪು ನನ್ನದು ಎಂದು ಎಲ್ಲರಿಗೂ ಬರೆದೆ. ಮುಖ ಎತ್ತಲಾಗದೆ ಆಪರೇಟರನ ಮುಂದೆ ನಿಂತಾಗ ಅವನು, “ಜಾನೇ ದೋ ಮ್ಯಾಡಮ್, ಚಾಯ್ ಪೀಯೋ” ಎಂದ, ಹೋಗಲಿ ಬಿಡಿ, ಚಹಾ ಕುಡಿಯಿರಿ ಎಂದು. ಅವನ ಕೆಲಸ ಉಳಿಯಿತು. ಅವತ್ತು ರೈಲಿನಲ್ಲಿ ಠಾಣೆಯ ತನಕ ಅತ್ತೆ. ಸರ್ ನೋಡಿಯೂ ನೋಡದವರಂತೆ ಪೇಪರು ಓದುತ್ತಿದ್ದರು.

ಕೆಲವು ವರ್ಷಗಳ ನಂತರ ನಾನು ಬೇಲಾಪುರಕ್ಕೂ ಮೊದಲೇ ಸಿಗುವ ಐರೋಳಿಯ ಬೇರೆ ಕಂಪನಿಗೆ ಸೇರಿದೆ. ಲೈನು ಅದೇ, ಗಾಡಿ ಅದೇ, ಡಬ್ಬಿಯ ಓಡಾಟವೂ ನಿಲ್ಲಲಿಲ್ಲ. ಆಮೇಲಾಮೇಲೆ ಸರ್ ಸೊರಗತೊಡಗಿದರು. ಅಂಗಿ ಜೋತುಬೀಳುತ್ತಿತ್ತು. “ಏನ್ರಿ ಸರ್, ಡಯಟ್ ಏನು?” ಎಂದು ಚುಡಾಯಿಸಿದೆ. “ಈಗ ನಾನು ಹತ್ತಿದ್ರೂ ಲಿಫ್ಟ್ ಕೂಗುದಿಲ್ಲ, ಗೊತ್ತುಂಟಾ” ಎಂದು ನಕ್ಕರು. ನಾನೂ ನಕ್ಕೆ...

ಒಂದು ಸೋಮವಾರ ಗಾಡಿಯಲ್ಲಿ ಡಬ್ಬಿ ವಾಪಸ್ ಕೊಟ್ಟರು. ಕೈಗೆ ಹಗುರವೆನಿಸಿತು. ಅಲ್ಲಾಡಿಸಿದೆ, ಏನೂ ಸದ್ದಾಗಲಿಲ್ಲ. ತಲೆಯೆತ್ತಿದರೆ ಸರ್ ನನ್ನನ್ನೇ ನೋಡುತ್ತಿದ್ದರು. ಏನಾಯ್ತು ಸರ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಫೋನು ಬಂತು. ನಮ್ಮ ಆಫೀಸಿನಲ್ಲಿ ಯಾವುದೋ ಕೆಲಸ ನಿಂತುಹೋಗಿತ್ತಂತೆ. ಅದು ಮಾಡಿ, ಇದು ನೋಡಿ ಎನ್ನುತ್ತಾ ಐರೋಳಿ ಬಂದೇಬಿಟ್ಟಿತು. ಕೈಬೀಸಿ ಇಳಿದೆ. ನಾಳೆ ಕೇಳಿದರಾಯಿತು ಎಂದುಕೊಂಡೆ.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ‘ಆರಾಮ ಇದ್ದೀರಿಲ್ರಿ ಸರ್?’ ಎಂದು ಮೆಸೇಜು ಹಾಕಿದೆ. ‘ಸರಿ ಉಂಟು’ ಎಂದು ಉತ್ತರ ಬಂತು. ಕೊನೆಯ ಸಾಲಿನ ಸೊನ್ನೆಯನ್ನು ನಂಬಬಾರದು ಎಂದು ಅವರಿಂದಲೇ ಕಲಿತಿದ್ದ ನಾನು, ಆ ಎರಡು ಪದ ನಂಬಿ ಸುಮ್ಮನಾದೆ. ಆರು ವಾರಕ್ಕೆ ಸರ್ ಹೋಗಿಬಿಟ್ಟರೆಂಬ ಸುದ್ದಿ ಬಂತು.

ವರ್ತಕ ನಗರದ ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈಹಿಡಿದು ಕೂರಿಸಿಕೊಂಡರು. ಕಾಯಿಲೆ ಏನೆಂದು ಡಾಕ್ಟರು ಹೇಳಿದ್ದು ಆ ಸೋಮವಾರದ ಹಿಂದಿನ ಶನಿವಾರವಂತೆ. ಯಾರಿಗೂ ತಾವಾಗಿ ಹೇಳಲು ಅವರಿಗೆ ಬಾಯಿ ಬರಲಿಲ್ಲವಂತೆ.

“ಡಬ್ಬಿ ಖಾಲಿ ಕೊಂಡುಹೋಗ್ಬೇಡಿ, ಒಂದು ತುಂಡು ಬೆಲ್ಲ ಆದ್ರೂ ಹಾಕ್ತೇನೆ ಅಂತ ಹೇಳಿದೆ ನಾನು. ಇವರು ಕೇಳ್ಲಿಲ್ಲ. ಹಾಗೇ ಇರ್ಲಿ, ಅವಳು ಖಂಡಿತ ಕೇಳ್ತಾಳೆ, ಆಗ ಅವಳ ಹತ್ರ ಹೇಳ್ತೇನೆ ಅಂದ್ರು” ಎಂದರು. ಆಮೇಲೆ ಮುಗ್ಧವಾಗಿ ನನ್ನನ್ನೇ ಕೇಳಿದರು, “ಹೇಳಿದ್ರಲ್ವಾ ನಿನ್ಹತ್ರ?”

ಹೌದು ಎಂದೆ. ಸುಳ್ಳು. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಈಗ ನನ್ನ ಕೈಕೆಳಗೂ ನಾಲ್ಕಾರು ಜನ ಇದ್ದಾರೆ. ನೂರ ಮೂವತ್ತೇಳು ಬಂತು ಎಂದು ಯಾರಾದರೂ ಓಡಿಬಂದರೆ, ನೂರ ಇಪ್ಪತ್ತೆಂಟು ಕಳೆಯಿರಿ ಎನ್ನುತ್ತೇನೆ. ಕೂಡಲೇ ಕೇಳಬೇಕು ಎಂಬುದನ್ನೂ ಹೇಳುತ್ತೇನೆ. ಸರ್ ನನ್ನ ಪ್ರಶ್ನೆಗಾಗಿ ಠಾಣೆಯಿಂದ ಐರೋಳಿಯವರೆಗೆ ಕಾದಿದ್ದರು, ನಾನು ಕೇಳಲಿಲ್ಲ.

ಹಜಾರದಿಂದ ಅಮ್ಮ ಕೂಗಿದಳು, “ಆ ಡಬ್ಬಿ ತೊಳ್ಯಾಕ ಹಾಕ.” ಹಾಕಲಿಲ್ಲ. ಇದ್ದಷ್ಟು ವಾಸನೆ ಒಳಗೇ ಇರಲೆಂದು ಮುಚ್ಚಳ ಒತ್ತಿ, ಇದ್ದ ಜಾಗದಲ್ಲೇ ಇಟ್ಟೆ.